ಮೂವರು ಆಡಿ ಮುಗಿಸಿದ ಆಟ

ಅರ್ಜಿ ಕಳಿಸಲು ಸಂಜೆ ಐದು ಗಂಟೆ ಗಡುವು. ಬೆಳಿಗ್ಗೆ ಹತ್ತಕ್ಕೆ ಗೇಮಪ್ಪನ ಕಣ್ಣಿಗೆ ಅದರ ಕೊನೆಯ ಸಾಲು ಬಿತ್ತು: ‘ನಿಮ್ಮ ಆಟವನ್ನು ಬೇರೆ ಮೂವರಾದರೂ ಪೂರ್ತಿ ಆಡಿ ಮುಗಿಸಿರಬೇಕು.’

ಮೂರು ವರ್ಷ ಒಬ್ಬನೇ ಕೂತು ಕಟ್ಟಿದ ವಿಡಿಯೋ ಗೇಮ್ ಅದು. ಅದರಿಂದಲೇ ಅವನಿಗೆ ಆ ಹೆಸರು. ಆಟ ಬಹಳ ಸರಳ. ಒಬ್ಬ ಮುದುಕ ಬೀದಿ ಬೀದಿ ತಿರುಗಿ ನಿಂತುಹೋದ ಗಡಿಯಾರಗಳನ್ನು ರಿಪೇರಿ ಮಾಡುತ್ತಾನೆ, ಅಷ್ಟೆ. ಗಡಿಯಾರ ಮತ್ತೆ ಟಿಕ್ ಟಿಕ್ ಎಂದಾಗ ಆಡುವವರಿಗೆ ನೆಮ್ಮದಿ ಸಿಗಬೇಕು ಎಂಬುದು ಅವನ ಆಸೆ. ಹೆಂಡತಿಗೆ ಅದು ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಎರಡು ಸಲ ಆಡಲು ಕೂತವಳು ಎರಡು ಸಲವೂ ಮೂರನೆಯ ಗಡಿಯಾರದ ಹೊತ್ತಿಗೆ ನಿದ್ದೆ ಹೋಗಿದ್ದಳು.

ಆಟ ಆಯ್ಕೆಯಾದರೆ ಅರ್ಜಿ ಕರೆದಿದ್ದ ಗೇಮ್ ಸಂಸ್ಥೆಯವರು ಒಂದು ವರ್ಷ ಸಂಬಳ ಕೊಟ್ಟು ಅದನ್ನು ಬೆಳೆಸಲು ಬಿಡುತ್ತಾರೆ. ಆಗದಿದ್ದರೆ ಸೋಮವಾರ ಒಂಬತ್ತಕ್ಕೆ ಭಾವನ ಹಾಸಿಗೆ ಅಂಗಡಿ. ಹೆಂಡತಿಯ ಅಣ್ಣನಿಗೆ ಎಲ್ಲರೆದುರು ಹಾಗೆಂದು ಮಾತು ಕೊಟ್ಟುಬಿಟ್ಟಿದ್ದ. ಆ ಅಂಗಡಿಯನ್ನು ನೆನೆದರೆ ಸಾಕು, ಡಬಲ್ ಹಾಸಿಗೆ ಹೊತ್ತವನ ಹಾಗೆ ಅವನ ಬೆನ್ನು ಈಗಲೇ ಬಾಗುತ್ತಿತ್ತು.

ಮೊದಲು ಸಿಕ್ಕಿದವರು ಕೆಳಗಿನ ಮನೆಯ ಓನರ್. ಎರಡು ನಿಮಿಷ ಆಡಿ ಕೇಳಿದರು, “ಗನ್ ಎಲ್ಲಿದೆ?”

“ಗನ್ ಇಲ್ಲ ಸಾರ್. ಸ್ಕ್ರೂಡ್ರೈವರ್ ಇದೆ.”

“ಸ್ಕ್ರೂಡ್ರೈವರ್ ಹಿಡ್ಕೊಂಡು ಎಷ್ಟು ಹೊತ್ತು ಓಡಾಡ್ಲಿ? ಮನೇಲೇ ಬೇಕಾದಷ್ಟು ರಿಪೇರಿ ಇದೆ. ನಾಲ್ಕು ಜನ ಕಳ್ಳರನ್ನ ಬಿಡಿ, ಹೊಡೀತೀನಿ. ಆಮೇಲೆ ಬೇಕಿದ್ರೆ ಗಡಿಯಾರ ನೋಡೋಣ.”

ಬಾಡಿಗೆ ಮನೆಯಲ್ಲಿರುವವನು ಓನರ್ ಮಾತಿಗೆ ಇಲ್ಲ ಎನ್ನುವುದು ಹೇಗೆ? ತನ್ನ ಹಳೆಯದೊಂದು ಆಟದಲ್ಲಿದ್ದ ಕಳ್ಳರನ್ನೂ ಗನ್ನನ್ನೂ ಎತ್ತಿ ತಂದು ಬೀದಿಗೆ ಬಿಟ್ಟ. ಹನ್ನೊಂದೂವರೆಗೆ ಮನೆಯಿಡೀ ಢಂ ಢಂ. ಸದ್ದಿಗೆ ಸಿಟ್ಟಾಗಿ ಮಹಡಿಯಿಂದ ಇಳಿದು ಬಂದ ಲೆಕ್ಕದ ಮೇಷ್ಟ್ರು ಜಗಳವಾಡುವುದನ್ನು ಮರೆತು ಕುರ್ಚಿ ಎಳೆದುಕೊಂಡು ಕೂತರು.

“ಎಲ್ಲಾ ಸರಿ, ಬುದ್ಧಿಗೆ ಏನೂ ಕೆಲಸ ಇಲ್ವಲ್ಲ?” ಎಂದರು. “ಆ ಗನ್ನನ್ನ ಒಂದು ಪೆಟ್ಟಿಗೇಲಿ ಇಡಿ. ಬೀಗ ಹಾಕಿ. ಲೆಕ್ಕ ಬಿಡಿಸಿದ್ರೆ ಮಾತ್ರ ಬೀಗ ತೆಗೀಬೇಕು. ಲೆಕ್ಕ ನಾನು ಕೊಡ್ತೀನಿ. ಹಾಗಾದ್ರೆ ನಾನೂ ಆಡಿ ಮುಗಿಸ್ತೀನಿ.”

ಬೀಗ ಬಿತ್ತು. ಈಗ ಓನರ್‌ಗೆ ಗನ್ ಸಿಗುತ್ತಿಲ್ಲ. ಕಳ್ಳರು ಬಂದು ಬಂದು ಹೊಡೆದು ಹೋಗುತ್ತಿದ್ದಾರೆ. ಮೇಷ್ಟ್ರು, “ಯೋಚನೆ ಮಾಡಿ, ಆತುರ ಬೇಡ,” ಎನ್ನುತ್ತಾ ಕೂತಿದ್ದಾರೆ. ಗೇಮಪ್ಪ ಗೋಡೆ ಗಡಿಯಾರ ನೋಡಿದ. ಒಂದೂ ಕಾಲು. ಮೂರನೆಯವರು ಇನ್ನೂ ಸಿಕ್ಕಿಲ್ಲ. ಕಾಲು ತಾನಾಗಿಯೇ ಕುಣಿಯುತ್ತಿತ್ತು, ಮೇಜೂ ಜೊತೆಗೆ ಕುಣಿಯುತ್ತಿತ್ತು.

ಆಗ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆ ಅಲ್ಲಿಂದಲೇ ಕೇಳಿದರು, “ಅಳಿಯಂದ್ರೇ, ಆ ಮುದುಕನಿಗೆ ಹಿಂದೆ ಮುಂದೆ ಯಾರೂ ಇಲ್ವಾ?”

“ಇಲ್ಲ ಅತ್ತೆ. ಅವನು ಒಂಟಿ.”

“ಒಂಟಿ ಅಂದ್ರೆ ಯಾರು ಆಡ್ತಾರೆ? ವಯಸ್ಸು ಇಳಿಸಿ, ಹೆಣ್ಣು ನೋಡಿ ಮದುವೆ ಮಾಡಿ. ಹಿತ್ತಲಲ್ಲಿ ನಾಲ್ಕು ತರಕಾರಿ ಗಿಡ ಹಾಕಿ. ಸಂಸಾರ ಅಂತ ಒಂದಿದ್ರೆ ನಾನೂ ಕೂತು ಆಡ್ತೀನಿ.”

ಹಾಗೆ ಮುದುಕನಿಗೆ ಮೂವತ್ತು ವರ್ಷವಾಯಿತು. ಹೆಣ್ಣು ನೋಡುವ ಮಾತುಕತೆಯನ್ನೆಲ್ಲ ಅತ್ತೆ ಹೇಳುತ್ತಾ ಹೋದರು, ಹೆಂಡತಿ ಬರೆದು ಸೇರಿಸಿದಳು. ಗೇಮಪ್ಪನಿಗೆ ಅದನ್ನು ಓದಲೂ ಪುರುಸೊತ್ತಿರಲಿಲ್ಲ. ಅವನು ಊಟ ಬಿಟ್ಟು ಕುಂಬಳದ ಬಳ್ಳಿ ಹಬ್ಬಿಸುತ್ತಿದ್ದ.

ಆತುರದಲ್ಲಿ ಎಲ್ಲವೂ ಕಲಸಿಹೋಯಿತು. ಗನ್ನಿನಿಂದ ಗುಂಡಿನ ಬದಲು ಕುಂಬಳಕಾಯಿ ಹಾರತೊಡಗಿತು. ಏಟು ತಿಂದ ಕಳ್ಳರು ಸಾಯದೆ ಮದುವೆ ಮನೆಗೆ ನಡೆದು ಊಟದ ಪಂಕ್ತಿಯಲ್ಲಿ ಕೂತರು. ಮದುಮಗಳು ಬಾಯಿ ಬಿಟ್ಟರೆ ಮೇಷ್ಟ್ರ ಲೆಕ್ಕ ಕೇಳುತ್ತಿದ್ದಳು. ಗೇಮಪ್ಪ ತಲೆ ಮೇಲೆ ಕೈ ಹೊತ್ತು, “ಸರಿ ಮಾಡ್ತೀನಿ, ಒಂದರ್ಧ ಗಂಟೆ ಕೊಡಿ,” ಎಂದ.

“ಮುಟ್ಟಬೇಡಿ,” ಎಂದರು ಮೂವರೂ ಒಟ್ಟಿಗೆ.

ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದಿದ್ದ ಓನರ್ ಮತ್ತು ಮೇಷ್ಟ್ರು ಒಂದೇ ಕೀಬೋರ್ಡಿಗೆ ಅಂಟಿ ಕೂತಿದ್ದರು. ಮೇಷ್ಟ್ರು ಉತ್ತರ ಹೇಳಿದರು, ಓನರ್ ಕುಂಬಳಕಾಯಿ ಎಸೆದರು, ಅತ್ತೆ ಸಂಬಂಧ ಕುದುರಿಸಿದರು. ಸರದಿಯ ಮೇಲೆ ಮೂವರೂ ಆಡಿ ಮುಗಿಸಿದಾಗ ನಾಲ್ಕು ಐವತ್ತೆರಡು. ಅರ್ಜಿ ಹೋದಾಗ ನಾಲ್ಕು ಐವತ್ತೇಳು.

ಐದಕ್ಕೆ ಸರಿಯಾಗಿ ಭಾವ ಬಂದ. ಕೈಯಲ್ಲಿ ಅಂಗಡಿಯ ನೀಲಿ ಅಂಗಿ. “ಸೋಮವಾರಕ್ಕೆ ಇರ್ಲಿ ಅಂತ ತಂದೆ,” ಎಂದು ಅದನ್ನು ಮೇಜಿನ ಮೇಲಿಟ್ಟು ಕೂತ.

ಐದೂವರೆಗೆ, ಅರ್ಜಿಯಲ್ಲಿ ಹೇಳಿದ್ದ ಹಾಗೆ, ಸಂಸ್ಥೆಯಿಂದ ವಿಡಿಯೋ ಕರೆ. ಕನ್ನಡಕದ ಮೇಡಂ ಒಬ್ಬರು ಹೇಳಿದರು, “ನಿಮ್ಮ ಆಟ ನೀವೇ ಆಡಿ ತೋರ್ಸಿ. ಪೂರ್ತಿ.”

ಗೇಮಪ್ಪ ಬೆವರು ಒರೆಸಿಕೊಂಡು ಶುರು ಮಾಡಿದ. ಗಡಿಯಾರ ಆಯಿತು. ಮೇಷ್ಟ್ರು ಪಕ್ಕದಲ್ಲಿ ಕೆಮ್ಮಿ ಕೆಮ್ಮಿ ಸುಳಿವು ಕೊಟ್ಟದ್ದರಿಂದ ಬೀಗವೂ ತೆರೆಯಿತು. ಕಳ್ಳರು ಊಟಕ್ಕೆ ಹೋದರು. ಕೊನೆಗೆ ಹೆಣ್ಣಿನ ಮನೆ. ಬಾಗಿಲಲ್ಲಿ ನಿಂತ ಹೆಣ್ಣಿನ ತಾಯಿ ಕೇಳಿದಳು: ‘ಹುಡುಗ ಏನು ಕೆಲಸ ಮಾಡ್ತಾನೆ?’

ಕೆಳಗೆ ಎರಡು ಉತ್ತರ. ‘ಮನೆಯಲ್ಲೇ ಸ್ವಂತ ಕೆಲಸ.’ ‘ಹಾಸಿಗೆ ಅಂಗಡಿಯಲ್ಲಿ ಕೆಲಸ.’

ಅವನು ಅತ್ತೆಯ ಕಡೆ ತಿರುಗಿದ. ಅತ್ತೆ ಫ್ಯಾನು ನೋಡುತ್ತಿದ್ದರು.

ಮೊದಲನೆಯದನ್ನು ಒತ್ತಿದ. ಬಾಗಿಲು ದಢಾರನೆ ಮುಚ್ಚಿತು, ಆಟ ಹಿಂದಿನ ಬೀದಿಗೆ ಹೋಯಿತು. ಹಟ ಬಿಡದೆ ಮತ್ತೆ ಬಂದು ಅದನ್ನೇ ಒತ್ತಿದ. ಮತ್ತೆ ದಢಾರ್. ಮೂರನೆಯ ಸಲ ಮೇಡಂ, “ಇದನ್ನ ಮೂವರು ಮುಗಿಸಿದಾರೆ ಅಂತ ನೀವೇ ಬರ್ದಿದೀರಲ್ಲ?” ಎಂದು ಕನ್ನಡಕ ಸರಿಮಾಡಿಕೊಂಡರು.

“ರೀ, ಎರಡನೇದು ಒತ್ತಿ,” ಎಂದಳು ಹೆಂಡತಿ ಮೆಲ್ಲಗೆ. “ಆಟ ತಾನೇ.”

ಒತ್ತಿದ. ಅವಮಾನದಿಂದ ಕಿವಿ ಬಿಸಿಯಾಯಿತು. ಬಾಗಿಲು ತೆರೆಯಿತು, ಓಲಗ ಮೊಳಗಿತು, ಊರಿನ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿದವು. ಮದುಮಗ ಹೊಸ ಹಾಸಿಗೆಯ ಮೇಲೆ ಅಡ್ಡಾದ. ಆಟ ಮುಗಿಯಿತು.

ಮೇಡಂ ನಕ್ಕರು. ನಗು ನಿಲ್ಲಲು ಸ್ವಲ್ಪ ಹೊತ್ತೇ ಬೇಕಾಯಿತು. “ಇಷ್ಟು ಬಗೆಯ ಆಟ ಒಂದರಲ್ಲೇ ಸೇರಿದ್ದು ನಾನು ನೋಡಿರ್ಲಿಲ್ಲ. ಆಯ್ಕೆ ಮಾಡಿದೀವಿ.”

ಗೇಮಪ್ಪನಿಗೆ ಕಣ್ಣು ತುಂಬಿ ಬಂತು. ಮೂರು ವರ್ಷದ ಭಾರ ಒಂದೇ ಸಲ ಇಳಿದಿತ್ತು. ನೀಲಿ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ, “ಭಾವ, ಇದನ್ನ ವಾಪಸ್ ತಗೊಂಡು ಹೋಗಿ,” ಎಂದ.

“ಒಂದೇ ಒಂದು ಬದಲಾವಣೆ,” ಎಂದರು ಮೇಡಂ. “ಆ ಗಡಿಯಾರ ತೆಗೆದುಬಿಡಿ, ನಿದ್ದೆ ಬರುತ್ತೆ. ಹಾಸಿಗೆ ಅಂಗಡಿಯವನೇ ನಾಯಕ. ಆದ್ರೆ ಆ ಕೆಲಸ ನಿಮಗೆ ಗೊತ್ತಿಲ್ಲ, ಕಾಣ್ತಾ ಇದೆ. ನಿಮ್ಮ ಹಾಸಿಗೆ ಮಂಚದ ಮೇಲೆ ಒಂದಡಿ ಎತ್ತರದಲ್ಲಿ ತೇಲ್ತಾ ಇದೆ. ಆರು ತಿಂಗಳು ಯಾವುದಾದ್ರೂ ಹಾಸಿಗೆ ಅಂಗಡೀಲಿ ಕೆಲಸ ಮಾಡಿ, ಕಲಿತು ಬನ್ನಿ. ಆಮೇಲೆ ನಮ್ಮ ಒಂದು ವರ್ಷ ಶುರು. ಅಂಥ ಅಂಗಡಿ ಯಾರದಾದ್ರೂ ಪರಿಚಯ ಇದ್ಯಾ?”

ಗೇಮಪ್ಪ ಬಾಯಿ ತೆರೆಯುವ ಮೊದಲೇ ಭಾವ ಅವನ ಹೆಗಲ ಮೇಲಿಂದ ಕ್ಯಾಮೆರಾಕ್ಕೆ ಮುಖ ತೂರಿಸಿದ.

“ಇದೆ ಮೇಡಂ. ಸೋಮವಾರ ಒಂಬತ್ತಕ್ಕೇ ಬರ್ತಾರೆ.”

ಅಂಗಿಯ ಅಳತೆ ಸರಿಯಾಗಿತ್ತು. ಭಾವನಿಗೆ ಅಳತೆ ಕೊಟ್ಟವರು ಯಾರೆಂದು ಗೇಮಪ್ಪ ಕೇಳಲು ಹೋಗಲಿಲ್ಲ. ಅತ್ತೆ ಇನ್ನೂ ಫ್ಯಾನನ್ನೇ ನೋಡುತ್ತಿದ್ದರು.