ಕುಂಕುಮ ಹಚ್ಚಿಕೊಂಡ ಎಂಜಿನ್ನು

ಗೊಳಸಂಗಿಯ ಹಿಟ್ಟಿನ ಗಿರಣಿ ಎಂಜಿನ್ನು ಒಮ್ಮೆ ಸೀನಿದರೆ ಹರದಾರಿಗಳಾಚೆಯ ಮನಗೂಳಿಯ ತೊಟ್ಟಿಲಲ್ಲಿ ಮಲಗಿದ ಕೂಸು ಬೆಚ್ಚಿ ಏಳುತ್ತಿತ್ತು. ಸುಳ್ಳೆನ್ನುವವರು ಆ ಕೂಸನ್ನೇ ಕೇಳಬಹುದು, ಈಗ ಅದಕ್ಕೂ ಮೀಸೆ ಬಂದಿದೆ. ಅಂಥ ಎಂಜಿನ್ನು ಒಂದು ಸೋಮವಾರ ಫುಸ್ಸೆಂದು ಸುಮ್ಮನಾಯಿತು. ಸಿಲಿಂಡರಿಗೂ ಅದರ ಮೇಲೆ ಮುಚ್ಚಳದಂತೆ ಕೂಡುವ ಹೆಡ್ಡಿಗೂ ನಡುವೆ ಇದ್ದ ಪ್ಯಾಕಿಂಗು ಸುಟ್ಟು ಹಪ್ಪಳವಾಗಿತ್ತು. ಹೊಸದು ಸೊಲ್ಲಾಪುರದಿಂದ ಬರಬೇಕು. ಎಂಟು ದಿನದ ಮಾತು.

ಎರಡೇ ದಿನದಲ್ಲಿ ಊರ ಹೆಂಗಸರೆಲ್ಲ ಮತ್ತೆ ಬೀಸುಕಲ್ಲಿಗೆ ಕೂತರು. ಬೀಸುವ ಪದಗಳಲ್ಲಿ ದೇವರ ಹೆಸರು ಹೋಗಿ ಗಿರಣಿ ಮಿಸ್ತ್ರಿ ಗುಡುಸಾಬನ ಹೆಸರು ಬಂತು, ಹೊಗಳಿಕೆಗಲ್ಲ. ಬುಧವಾರ ಬೆಳಗ್ಗೆ ಗಿರಣಿಯ ಮಾಲಕ ಅಪ್ಪಾಸಾಬ ಬಾಗಿಲಲ್ಲಿ ಬಂದು ನಿಂತ.

"ಗುಡುಸಾಬ, ಇವತ್ತ ದೀಪ ಹಚ್ಚೂದ್ರಾಗ ಗಿರಣಿ ತಿರಗಬೇಕು. ಇಲ್ಲಂದ್ರ ನಾಳಿ ಸಿಂದಗಿ ಮಿಸ್ತ್ರಿ ಇಬ್ರಾಹಿಂಸಾಬಗ ಚಾವಿ ಕೊಡ್ತೇನಿ."

"ಪ್ಯಾಕಿಂಗ ಇಲ್ದ ಹ್ಯಾಂಗ ತಿರಗತೈತ್ರಿ ಸಾವಕಾರ?"

"ಅದೂ ನಾನs ಹೇಳೂದಾದ್ರ ನಿನ್ನ ಯಾಕ ಇಟ್ಕೊಂಡೇನಿ?"

ಮೊದಲೇ ಗುಡುಸಾಬ ಕಾದ ಹಂಚಿನ ಮೇಲಿನ ಜೋಳದ ಕಾಳು, ಕೂತಲ್ಲಿ ಕೂರುವವನಲ್ಲ. ಎಂಜಿನ್ನಿನ ಸುತ್ತ ನಲವತ್ತು ಸುತ್ತು ಹಾಕಿದ. ಚಹಾದಂಗಡಿಯ ಶಂಕ್ರೆಪ್ಪ ಕಪ್ಪು ಬಸಿ ಬಿಟ್ಟು ಓಡಿಬಂದ.

"ಬೆಲ್ಲ ಸುಣ್ಣ ಕಲಿಸಿ ಮೆತ್ತಪಾ. ನಮ್ಮಜ್ಜ ಕಾಳ ತುಂಬೂ ಹಗೇವು ಒಡದಾಗ ಹಂಗs ಮುಚ್ಚಿದ್ದ."

ಮೆತ್ತಿದ. ಹ್ಯಾಂಡಲು ತಿರುವಿದ. ಎಂಜಿನ್ನಿನ ಮೂರನೆಯ ಗುದ್ದಿಗೆ ಬೆಲ್ಲದ ಪಾಕ ಬಾಣದಂತೆ ಹಾರಿ ಶಂಕ್ರೆಪ್ಪನ ಮೀಸೆಗೆ ಕೂತಿತು. ಅವನ ಹಿಂದೆ ನೊಣಗಳು ಮೂರು ದಿನ ಮೆರವಣಿಗೆ ಹೊರಟವು.

ಆಗ ಗುಡುಸಾಬನಿಗೆ ಹೊಳೆಯಿತು. ಎರಡು ಕಬ್ಬಿಣವನ್ನು ಒಂದೇ ಮುಖವಾಗುವಷ್ಟು ತಿಕ್ಕಿದರೆ ನಡುವೆ ಮೂರನೆಯದು ಯಾಕೆ? ಆದರೆ ಉಬ್ಬು ಎಲ್ಲಿದೆಯೆಂದು ತಿಳಿಯಲು ಬಣ್ಣ ಬೇಕು. ಪಕ್ಕದ ಮನೆಯ ರೇಣವ್ವನ ಹೊಸ್ತಿಲಿಗೆ ಓಡಿದ.

"ಅಕ್ಕಾರ, ಒಂದ ಚಿಟಿಕಿ ಕುಂಕಮ ಕೊಡ್ರಿ."

"ಯಾರಿಗೊ ತಮ್ಮಾ?"

"ಎಂಜಿನ್ನಿಗ್ರಿ."

ರೇಣವ್ವ ಭರಣಿಯನ್ನೇ ಕೊಟ್ಟಳು. ಕೊಟ್ಟವಳು ಗಿರಣಿಯ ಕಿಟಕಿಗೆ ಬಂದು ನಿಂತಳು.

ಗುಡುಸಾಬ ಎಣ್ಣೆಯಲ್ಲಿ ಕುಂಕುಮ ಕಲಸಿ ಹೆಡ್ಡಿಗೆ ಸವರಿದ. ಸಿಲಿಂಡರಿನ ಮೇಲಿಟ್ಟು ಎತ್ತಿದ. ಸಿಲಿಂಡರಿಗೆ ಕೆಂಪು ಹತ್ತಿದಲ್ಲೆಲ್ಲ ಉಬ್ಬು. ಸಾಣೆಪುಡಿ ಹಾಕಿ ತಿಕ್ಕಿದ, ಒರೆಸಿದ, ಮತ್ತೆ ಕುಂಕುಮ. ಹೀಗೆ ಒಂಬೈನೂರು ಸಲ. ಕಡಿಮೆ ಹೇಳಿದರೆ ಗುಡುಸಾಬನ ತೋಳಿಗೆ ಅನ್ಯಾಯ.

"ಎಂಜಿನ್ನಿಗೆ ಉಡಿ ತುಂಬಾಕತ್ತಾನ," ಎಂದು ರೇಣವ್ವ ಓಣಿಗೆ ಸಾರಿದಳು.

ಮಧ್ಯಾಹ್ನದೊಳಗೆ ಗಿರಣಿ ತುಂಬ ಹೆಂಗಸರು. ಕಾಯಿ ಬಂತು, ಕುಪ್ಪಸದ ಖಣ ಬಂತು. "ಎರಡೂ ಕಡಿಂದು ಇರಲಿ," ಎಂದು ಹಜರಾಬಿ ಊದುಬತ್ತಿ ತಂದಳು. ಬತ್ತಿಯ ಬೂದಿ ತಿಕ್ಕಿದ ಕಬ್ಬಿಣದ ಮುಖದ ಮೇಲೆ ಉದುರಿದಾಗಲೆಲ್ಲ ಗುಡುಸಾಬ ಮೊದಲಿನಿಂದ ತಿಕ್ಕಬೇಕು. ಬಾಳಮ್ಮ ಒಡೆದ ಕಾಯಿಯ ನೀರು ನೇರ ಸಿಲಿಂಡರಿಗೇ ಇಳಿಯಿತು. ಹೊತ್ತು ನೋಡಿದರೆ ಬಾರಕೋಲಿನ ಏಟು ತಿಂದ ಹೋರಿಯಂತೆ ಓಡುತ್ತಿದೆ.

"ಅವ್ವಗೋಳ್ರ, ಕೈ ಮುಗೀತೇನಿ, ಹೊರಗ ನಡೀರಿ."

"ನೋಡ್ರೆವ್ವ, ಕೈ ಮುಗ್ಯಾಕತ್ತಾನ," ಎಂದು ರೇಣವ್ವ ತಾನೂ ಮುಗಿದಳು. ಹಿಂದಿನವರೆಲ್ಲ ಮುಗಿದರು.

ಬಿಸಿಲು ಬಾಗುವಾಗ ಕೆಂಪು ಬಳೆಯಂತೆ ಸುತ್ತಲೂ ಸಮನಾಗಿ ಮೂಡಿತು. ಗುಡುಸಾಬ ಪಾನಾ ಹಿಡಿದು ನಟ್ಟು ಬಿಗಿದು ಹ್ಯಾಂಡಲು ತಿರುವಿದ. ಒಂದು ಎಳೆ ಹೊಗೆಯಿಲ್ಲ, ಫುಸ್ಸಿಲ್ಲ. ಪ್ಯಾಕಿಂಗಿನಷ್ಟು ಜಾಗ ಒಳಗೆ ಕಿರಿದಾದದ್ದಕ್ಕೆ ಎಂಜಿನ್ನಿಗೆ ಇಮ್ಮಡಿ ಕಸುವು ಬಂದಿತ್ತು. ಎರಡು ದಿನದ ಜೋಳ ಒಂದು ತಾಸಿನಲ್ಲಿ ಹಿಟ್ಟಾಯಿತು. ಹೊರಗಿದ್ದ ಕರಿಕೋಳಿಗಳು ಬೆಳ್ಳಗಾಗಿ, ಅವುಗಳ ಒಡೆಯರಿಗೇ ಗುರುತು ಸಿಗಲಿಲ್ಲ.

ದೀಪದ ಹೊತ್ತಿಗೆ ಅಪ್ಪಾಸಾಬ ಬಂದ. ಜೊತೆಗೆ ಮನಗೂಳಿಯ ವ್ಯಾಪಾರಿ ರೇವಣಪ್ಪ. ಕುಂಕುಮ ಹಚ್ಚಿಕೊಂಡ ಎಂಜಿನ್ನಿನ ಸುದ್ದಿ ಮಧ್ಯಾಹ್ನದ ಬಸ್ಸು ಹತ್ತಿ ಅವನ ಅಂಗಡಿ ಮುಟ್ಟಿತ್ತು. ರೇವಣಪ್ಪ ತನ್ನ ಬಿಳಿ ಧೋತರದ ಚುಂಗನ್ನು ಹೆಡ್ಡು ಕೂಡಿದ ಸಂದಿಯ ಸುತ್ತ ಹಿಡಿದು ನೋಡಿದ. ಒಂದು ಚುಕ್ಕೆ ಕಲೆಯಿಲ್ಲ.

"ಪ್ಯಾಕಿಂಗ ಬ್ಯಾಡs ಬ್ಯಾಡ?"

ಗುಡುಸಾಬ ಎದೆ ಉಬ್ಬಿಸಿದ. "ಇನ್ನ ಹತ್ತ ವರ್ಷ ಪಾನಾ ಮುಟ್ಟೂ ಹಂಗಿಲ್ರಿ."

ಅಪ್ಪಾಸಾಬ ಹೆಗಲಿನ ಶಲ್ಯ ತೆಗೆದ. ತನಗೆ ಹೊದಿಸುತ್ತಾನೆಂದು ಗುಡುಸಾಬ ತಲೆ ಬಾಗಿಸಿ ನಿಂತ. ಹೊದಿಸುವವರು ಬರಲಿಲ್ಲ. ತಲೆಯೆತ್ತಿ ನೋಡಿದರೆ ಅಪ್ಪಾಸಾಬ, ರೇವಣಪ್ಪ ಮೂಲೆಯಲ್ಲಿ ಶಲ್ಯದ ಮರೆಗೆ ಕೈ ಹಾಕಿ, ದನದ ಸಂತೆಯಲ್ಲಿ ಮಾಡಿದಂತೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು.

"ಎಂಜಿನ್ನ ಇವರಿಗೆ ಮಾರೇನಿ," ಎಂದ ಅಪ್ಪಾಸಾಬ.

ಗುಡುಸಾಬ ಎಂಜಿನ್ನಿನ ಪಕ್ಕಕ್ಕೆ ಸರಿದ. "ಹಂಗಾರ ನಾನೂ ಅದರ ಜೋಡಿ ಮನಗೂಳಿಗೆ ಬರ್ಲೇನ್ರಿ?"

ರೇವಣಪ್ಪ ನಕ್ಕ. "ಹತ್ತ ವರ್ಷ ಪಾನಾ ಮುಟ್ಟದ ಎಂಜಿನ್ನಿಗೆ ಮಿಸ್ತ್ರಿ ಯಾಕ ಬೇಕೊ ಮಾರಾಯಾ?"

"ನಿನ್ನ ನೌಕರಿಗೆ ಏನೂ ಆಗಂಗಿಲ್ಲ ಬಿಡು," ಎಂದು ಅಪ್ಪಾಸಾಬ ಅವನ ಬೆನ್ನು ತಟ್ಟಿದ. "ಹೊರ್ತಿಯೊಳಗ ನಮ್ಮ ಅಳಿಯಂದೊಂದು ಹಳೀ ಎಂಜಿನ್ನ ಐತಿ. ಮೂರ ವರ್ಷದಿಂದ ಬಾಂವಿ ದಂಡಿಮ್ಯಾಲೆ ಬಿದ್ದೈತಿ. ನಾಕ ಕಡೆ ಪ್ಯಾಕಿಂಗ ಹೋಗ್ಯಾವಂತ. ನಾಳಿ ಅದನ್ನ ಇಲ್ಲಿಗೆ ತರಾಕ ಚಕ್ಕಡಿ ಕಳಸ್ತೇನಿ. ನಾಕೂ ತಿಕ್ಕಿಬಿಡು, ಕೈ ಹೆಂಗೂ ರೂಢಿ ಆಗ್ಯಾವ."

ಗುಡುಸಾಬ ಮುಷ್ಟಿ ಬಿಗಿಯಲು ನೋಡಿದ. ತಿಕ್ಕಿ ತಿಕ್ಕಿ ಸೆಟೆದ ಬೆರಳು ಮಡಚಲಿಲ್ಲ.