ಮಾವನವರು ಕಂಡ ಎರಡು ಪಿಸ್ತೂಲಿನ ಫೌಜದಾರ

ಬಾಯಿಂದ ಬದುಕುವವನಿಗೆ ಹೆಣ್ಣು ಕೊಡುವ ಮೊದಲು ಯಾವ ತಂದೆಯೂ ಎರಡು ಸಲ ಯೋಚಿಸಬೇಕು. ಇದನ್ನು ಅಳಿಯನಾದ ನಾನೇ ಹೇಳುತ್ತಿದ್ದೇನೆ. ಆಗಿನ್ನೂ ಇಪ್ಪತ್ತರ ದಶಕ, ಬಯಾಸ್ಕೋಪಿಗೆ ಬಾಯಿ ಬಂದಿರಲಿಲ್ಲ. ಬೆಳಗಾವಿಯ ಗುಡಾರದಲ್ಲಿ ಅದರ ಬಾಯಿ ನಾನೇ ಆಗಿದ್ದೆ. ಹಗಲು ಸಾಲಿ ಮಾಸ್ತರಿಕೆ; ಸಂಜೆ ಪರದೆಯ ಪಕ್ಕ ಕೋಲು ಹಿಡಿದು ನಿಂತು, ಅಮೇರಿಕದ ಚಿತ್ರಗಳ ಕಥೆಯನ್ನು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಕೂಗಿ ಹೇಳುವುದು. ಜನಕ್ಕೆ ಬೇಕಾದವನು ಒಬ್ಬನೇ, ಆ ನಾಡಿನ ಫೌಜದಾರ. ಎದೆಯ ಮೇಲೆ ನಕ್ಷತ್ರದ ಬಿಲ್ಲೆ, ಎರಡೂ ತೊಡೆಗೆ ದಾರದಿಂದ ಬಿಗಿದ ಪಿಸ್ತೂಲಿನ ಚೀಲ, ಸೊಂಟದ ಪಟ್ಟಾದ ಸುತ್ತ ಸಾಲಾಗಿ ಗುಂಡಿನ ತೋಟಾ, ಕುದುರೆಯ ಜೀನಿಗೆ ಸಿಕ್ಕಿಸಿದ ಉದ್ದ ಬಂದೂಕು. ಇಷ್ಟೆಲ್ಲ ಹೊತ್ತುಕೊಂಡು ಅವನು ಹೇಗೆ ಕೂರುತ್ತಿದ್ದನೋ ನನಗಂತೂ ತಿಳಿಯಲಿಲ್ಲ.

ಆಷಾಢಕ್ಕೆ ತವರಿಗೆ ಹೋದ ನನ್ನ ಹೆಂಡತಿ ಪದ್ದವ್ವ ದೀಪಾವಳಿ ಹತ್ತಿರ ಬಂದರೂ ತಿರುಗಿ ಬರಲಿಲ್ಲ. ಖಾನಾಪುರದಲ್ಲಿ ರೈಲು ಇಳಿದು, ಚಕ್ಕಡಿ ಹಿಡಿದು ಮಾವನವರ ಊರಾದ ಬೀಡಿಗೆ ಹೋದೆ. ಮಾವನವರು ಕಟ್ಟಾ ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವರು. ಯಾರೋ ವ್ಯಾಪಾರಿ ಬೆಳಗಾವಿಯಲ್ಲಿ ನನ್ನ ಒದರಾಟ ಕೇಳಿ ಬಂದು ಅವರ ಕಿವಿಗೆ ಹಾಕಿದ್ದ.

"ನೀರು ಸುದ್ದಾ ಸೋಸಿ ಕುಡಿಯೂ ಮನಿ ನಮ್ಮದು," ಎಂದರು. "ನೀವು ದಿನಾ ಸಂಜಿ ಮುಂದ 'ಹೊಡಿ, ಬಿಡಬ್ಯಾಡ' ಅಂತ ಒದರ್ತೀರಂತ. ಮಗಳನ್ನ ಕರಕೊಂಡು ಬಂದು ಕಣ್ಣಾರೆ ನೋಡ್ತೀನಿ. ಒಂದು ಜೀವ ಹೋದ್ರೂ ಆಕಿನ್ನ ತಿರುಗಿ ಕರಕೊಂಡು ಹೋಗ್ತೀನಿ, ನೋಡ್ರಿ."

ಅವರು ಬಂದ ಸಂಜೆಯ ಚಿತ್ರದಲ್ಲಿ ಜೀವಗಳು ಒಂದಲ್ಲ, ಹಿಂಡುಹಿಂಡಾಗಿ ಹೋಗುತ್ತಿದ್ದವು. ಹೊತ್ತಿರುವಾಗಲೇ ಊಟ ಮುಗಿಸಿ ಮಾವನವರು ಮುಂದಿನ ಬೆಂಚಿನಲ್ಲಿ ಕೂತರು. ಪದ್ದವ್ವ ಹೆಂಗಸರ ಕಡೆ ಹೋದಳು. ಪರದೆಯ ಮೇಲೆ ಫೌಜದಾರ ಬಂದ. "ಈ ಪಿಸ್ತೂಲು ಬರೇ ಸಪ್ಪಳಕ್ಕರೀ," ಎಂದೆ. "ಪಟ್ಟಾದಾಗ ಇರೂವು ಲವಂಗ. ಆ ದೇಶದಾಗ ಥಂಡಿ ಭಾಳ." ಗುಂಡು ಹಾರಿತು, ಕಳ್ಳನೊಬ್ಬ ಕುದುರೆಯಿಂದ ಉರುಳಿದ. "ಸಪ್ಪಳಕ್ಕ ಕುದರಿ ಬೆದರೇತಿ. ಅಂವಗ ಸೊಂಟ ಉಳಕೇತಿ, ಅಷ್ಟ." ಇನ್ನೊಬ್ಬ ಮಾಳಿಗೆಯಿಂದ ಬಿದ್ದ. ಅವನಿಗೆ ಮೂರ್ಛೆ ರೋಗ ಕೊಟ್ಟೆ. ಉಳಿದವರು ಒಟ್ಟಿಗೆ ಬಿದ್ದಾಗ, ಮಾಡಿದ ತಪ್ಪಿಗೆ ನಾಚಿ ಫೌಜದಾರನಿಗೆ ಅಡ್ಡಬಿದ್ದರು ಎಂದೆ. ಗುಡಾರ ಗೊಳ್ಳೆಂದಿತು. ಮಾಲೀಕ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ. ನನಗೆ ಅವನ ಕಡೆ ನೋಡಲು ಪುರಸೊತ್ತಿರಲಿಲ್ಲ.

ಕೊನೆಗೆ ಆ ಹಾಳು ಚಿತ್ರದವರು ಟೊಪ್ಪಿಗೆ ತೆಗೆದು, ತಲೆ ತಗ್ಗಿಸಿ, ಸತ್ತವರಿಗೆ ಕುಣಿ ತೋಡಲು ನಿಂತರು. ಇದೊಂದನ್ನು ನಾನು ಮರೆತೇಬಿಟ್ಟಿದ್ದೆ.

"ಗಿಡಾ ಹಚ್ಚಾಕ ತಗ್ಗು ತೋಡಾಕತ್ತಾರ್ರಿ," ಎಂದೆ.

"ಯಾವ ಗಿಡಾರೀ ಮಾಸ್ತರ?" ಹಿಂದಿನಿಂದ ಯಾರೋ ಕೂಗಿದರು.

"ಮಾವಿಂದು."

ಆಗ ಹೆಂಗಸರ ಕಡೆಯಿಂದ ಒಂದು ನಗು ಕೇಳಿತು. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗದ ಪದ್ದವ್ವನ ನಗು. ಅದನ್ನು ಕೇಳಿ ತಿಂಗಳುಗಳೇ ಆಗಿದ್ದವು. ಅವಳಿಲ್ಲದೆ ಮನೆ ಎಷ್ಟು ಬಿಕೋ ಎನ್ನುತ್ತಿತ್ತೆಂದು ನನಗೆ ಆಗಲೇ ಪೂರ್ತಿ ತಿಳಿದದ್ದು. ಕೋಲು ಇಳಿಸಿ ಆ ಕಡೆಗೇ ನೋಡುತ್ತ ನಿಂತೆ. ಉಳಿದ ಚಿತ್ರ ಮಾತಿಲ್ಲದೆಯೇ ಓಡಿತು.

ಗುಡಾರದ ಹೊರಗೆ ಮಾವನವರು ಮಗಳೊಂದಿಗೆ ಕಾಯುತ್ತಿದ್ದರು. ನಾನು ಅಪರಾಧಿಯ ಹಾಗೆ ಹೋಗಿ ನಿಂತೆ.

"ಅಳಿಯಂದ್ರ, ನನಗೂ ಕಣ್ಣ ಅದಾವ," ಎಂದರು. "ಅವರೆಲ್ಲಾ ಸತ್ತರು. ಆದ್ರ ನನ್ನ ಮಗಳ ಸಲುವಾಗಿ ಅಷ್ಟು ಮಂದಿ ಜೀವಾ ಉಳಸಾಕ ನೀವು ಒದ್ದಾಡೂದು ನೋಡಿದೆ, ನನಗ ಅಷ್ಟ ಸಾಕು. ಆಕಿನ್ನ ಮನಿಗೆ ಕರಕೊಂಡು ಹೋಗ್ರಿ."

ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ಪದ್ದವ್ವ ಅಂದು ಮನೆಗೆ ಬಂದವಳು ಮನೆಯನ್ನೂ ನನ್ನನ್ನೂ ಚೆನ್ನಾಗಿಯೇ ನೋಡಿಕೊಂಡಿದ್ದಾಳೆ. ಆದರೆ ಒಂದು ತೊಂದರೆ. ನಾನು ಎಲ್ಲಾದರೂ ತಡಮಾಡಿ ಬಂದು, ಹೊಸ್ತಿಲಲ್ಲಿ ನಿಂತು ಕಾರಣ ಹೇಳಲು ಬಾಯಿ ತೆರೆದರೆ ಸಾಕು, ಒಲೆಯ ಮುಂದಿನಿಂದ ತಲೆ ಎತ್ತದೆಯೇ ಕೇಳುತ್ತಾಳೆ:

"ಇವತ್ತ ಎಷ್ಟು ಮಾವಿನ ಗಿಡಾ ಹಚ್ಚಿ ಬಂದ್ರಿ?"