ಲತೇಶನ ಪ್ರಬಂಧದಲ್ಲಿ ಹೇಮರಾಜನ ಹೆಸರು

ಲತೇಶನ ಪ್ರಬಂಧದಲ್ಲಿ ತನ್ನ ಹೆಸರಿಲ್ಲ ಎಂಬುದೇ ಹೇಮರಾಜನ ಹೊಟ್ಟೆಯುರಿ. ಮೂಡುಬಿದಿರೆಯ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿರುವವನು ತಾನು. ಮೊನ್ನೆ ಮೊನ್ನೆ ಸೇರಿದ ಲತೇಶ ಶ್ವಾಸಕೋಶದಿಂದ ಉಸಿರಾಡುವ ಮೀನಿನ ಪಳೆಯುಳಿಕೆ ಹಲ್ಲೊಂದನ್ನು ತಂದು ಮೆರೆಯುತ್ತಿದ್ದಾನೆ. ಕಲ್ಲಾದ ಆ ಹಲ್ಲಿನ ಮೇಲೆ ಐದು ಏಣು, ಅಂದರೆ ಉಬ್ಬುಗೆರೆ; ಈಗ ಬದುಕಿರುವ ಆಫ್ರಿಕದ ಸಂಬಂಧಿಗೆ ಮೂರೇ ಏಣು ಎಂಬುದು ಅವತ್ತು ಮಧ್ಯಾಹ್ನದ ವಿಚಾರ ಸಂಕಿರಣದಲ್ಲಿ ಅವನು ಮಂಡಿಸಲಿದ್ದ ವಾದ. ಮೂರಲ್ಲ, ನಾಲ್ಕು ಎಂದು ತೋರಿಸಿದರೆ ಸಾಕು, ಅವನ ಮೆರೆದಾಟ ಮುಗಿಯಿತು.

ಬಂಟ್ವಾಳದ ಹಾರಿಸನ ಅಕ್ವೇರಿಯಂ ಅಂಗಡಿಯಲ್ಲಿ ಅಂಥ ಮೀನೊಂದು ಜೀವಂತ ಇದೆಯೆಂದು ತಿಳಿದು ಹೇಮರಾಜ ಬೆಳಗಿನ ಬಸ್ಸಿಗೇ ಹೊರಟ. ಜೈನರ ಮನೆಯವನು, ಫಾರ್ಮಾಲಿನ್ ಜಾಡಿಯ ಮೀನು ಬಿಟ್ಟರೆ ಬೇರೆ ಮೀನು ಮುಟ್ಟಿದವನಲ್ಲ.

"ಸರ್, ಅದರ ಬಾಯಿಗೆ ಕೈ ಹಾಕುವುದು ಬೇಡ," ಎಂದ ಹಾರಿಸ್.

"ನಾನು ಪ್ರಾಣಿಶಾಸ್ತ್ರದವ ಮಾರಾಯ," ಎಂದು ಹೇಮರಾಜ ಅದರ ತುಟಿ ಬಿಡಿಸಲು ಹೋದ. ಕೆಸರು ಬಣ್ಣದ ಆ ಸೋಮಾರಿ ಮೀನು ತೋರುಬೆರಳನ್ನು ಒಳಗೆ ತೆಗೆದುಕೊಂಡು ಬಾಯಿ ಮುಚ್ಚಿತು.

ಮರಳುವ ಬಸ್ಸಿನಲ್ಲಿ ಪಕ್ಕದ ಮನೆಯ ಕಮಲಾವತಿಯಕ್ಕ ಸಿಕ್ಕಿ, ಬೆರಳಿಗೆ ಏನಾಯಿತೆಂದು ಕೇಳಿದರು. ಮೀನು ಎಂದರೆ ಸಂಜೆಯೊಳಗೆ ಬಸದಿಯ ತನಕ ಸುದ್ದಿ. ನಾಯಿ ಎಂದುಬಿಟ್ಟ. ಸಿದ್ದಕಟ್ಟೆ ದಾಟುವಷ್ಟರಲ್ಲಿ ಇಡೀ ಬಸ್ಸೇ ಅವನ ಚಿಕಿತ್ಸೆಗೆ ನಿಂತಿತ್ತು. ಅಕ್ಕ ಅವನನ್ನು ಸೀದಾ ಆಸ್ಪತ್ರೆಗೆ ಎಳೆದೊಯ್ದು ಚುಚ್ಚಿಸಿದರು.

"ಹೆದರಬೇಡಿ ಹೇಮಣ್ಣ, ಇನ್ನು ನಾಲ್ಕೇ ಸೂಜಿ ಉಂಟು," ಎಂದು ಸಮಾಧಾನವನ್ನೂ ಹೇಳಿದರು. ನಾಯಿ ಕಚ್ಚಿದ ಗಾಯಕ್ಕೆ ಪಟ್ಟಿ ಕಟ್ಟಬಾರದೆಂದು ನರ್ಸ್ ಬೆರಳನ್ನು ಹಾಗೆಯೇ ಬಿಟ್ಟಿದ್ದಳು.

ಸಂಕಿರಣದಲ್ಲಿ ಲತೇಶನಿಗೆ ಚಪ್ಪಾಳೆಯ ಮೇಲೆ ಚಪ್ಪಾಳೆ. ಕೈಯನ್ನು ಜೇಬಿನಲ್ಲಿ ಹುದುಗಿಸಿಕೊಂಡು ಹಿಂದೆ ಕೂತಿದ್ದ ಹೇಮರಾಜನಿಗೆ ತಡೆಯಲಾಗಲಿಲ್ಲ. ಏಣು ಎಣಿಸಲು ಆ ಮೀನು ಬಿಟ್ಟಿರಲಿಲ್ಲ ನಿಜ, ಕೇಳುವ ಬಾಯಿ ಇತ್ತಲ್ಲ. ಎದ್ದು ನಿಂತು, ಗಾಯ ಮರೆತು ಅದೇ ಬೆರಳು ತೋರಿಸಿ ಕೇಳಿಯೇಬಿಟ್ಟ:

"ಜೀವಂತ ಮೀನಿಗೆ ಮೂರೇ ಏಣು ಎಂಬುದಕ್ಕೆ ನಿಮ್ಮಲ್ಲಿ ಸಾಕ್ಷಿ ಏನುಂಟು ಲತೇಶ್?"

ಲತೇಶ ಬೆರಳನ್ನೇ ನೋಡುತ್ತ ಹತ್ತಿರ ಬಂದ. ಕೋಳಿ ಹೆಜ್ಜೆಯಂತೆ ಮೂರು ಮೂರು ಗೆರೆಯ ಹಲ್ಲಿನ ಗುರುತು, ಮೇಲೊಂದು ಜೊತೆ, ಕೆಳಗೊಂದು ಜೊತೆ.

"ನಾಯಿ ಕಚ್ಚಿದ್ದು," ಎಂದ ಹೇಮರಾಜ.

"ಹಾರಿಸ್ ಫೋನ್ ಮಾಡಿದ್ದ ಸರ್," ಎಂದು ಲತೇಶ ಮೆಲ್ಲಗೆ ಹೇಳಿ, ಪಳೆಯುಳಿಕೆ ತೋರಿಸಲು ಇಟ್ಟಿದ್ದ ಕ್ಯಾಮೆರಾದ ಅಡಿಗೆ ಆ ಕೈಯನ್ನು ಹಿಡಿದ. ಪರದೆಯ ತುಂಬ ಬೆರಳು ಮೂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಲತೇಶನಿಗೆ.

ಉಳಿದ ನಾಲ್ಕು ಸೂಜಿಗಳನ್ನು ಹೇಮರಾಜ ಕಮಲಾವತಿಯಕ್ಕನ ಎದುರು ಬಾಯಿ ಮುಚ್ಚಿಕೊಂಡು ಚುಚ್ಚಿಸಿಕೊಂಡ. ಪ್ರಬಂಧ ಅಚ್ಚಾಗಿ ಬಂದಾಗ ಲತೇಶ ಅವನ ಹೆಸರು ಹಾಕಿದ್ದ. ಲೇಖಕರ ಸಾಲಿನಲ್ಲಲ್ಲ, ಮಾದರಿಗಳ ಪಟ್ಟಿಯಲ್ಲಿ: ಪಳೆಯುಳಿಕೆ ಹಲ್ಲು, ಹಾರಿಸನ ಮೀನು, ಮೂರನೆಯದಾಗಿ ಹೇಮರಾಜನ ಬೆರಳು.